ಎರಡು ಸಲ ತಟ್ಟಿದ ಬಾಗಿಲು

ಒಂಟಿಯಾಗಿರುವ ಮುದುಕರಿಗೆ ಪುರಸಭೆಯವರು ಮಧ್ಯಾಹ್ನದ ಊಟ ಕಳಿಸುತ್ತಿದ್ದ ಕಾಲದಲ್ಲಿ ಅದನ್ನು ಮನೆಮನೆಗೆ ಮುಟ್ಟಿಸುವ ಕೆಲಸ ನನ್ನದಾಗಿತ್ತು. ಸ್ಕೂಟರಿನ ಹಿಂದೆ ತಗಡಿನ ಪೆಟ್ಟಿಗೆ, ಅದರೊಳಗೆ ಹದಿನೆಂಟು ಡಬ್ಬಿ. ಹೊಸ್ತಿಲಲ್ಲಿ ಇಟ್ಟು ಹೋಗುವಂತಿಲ್ಲ, ಕೈಗೇ ಕೊಡಬೇಕು. ಮೊದಲೆಲ್ಲ ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಊಟ ಬಿಸಿಯಾಗಿದ್ದರೆ ಸಾಕಿತ್ತು.

ಆಮೇಲೆ ಹೊಸ ಮೇಲ್ವಿಚಾರಕರು ಬಂದರು. ಕೆಟ್ಟವರಲ್ಲ, ಅವರ ಮೇಲೂ ಯಾರೋ ಕೂತಿದ್ದರು. ಕಚೇರಿಯ ಗೋಡೆಗೆ ದೊಡ್ಡ ಹಲಗೆ ಹಾಕಿಸಿದರು. ಚರಂಡಿ, ಬೀದಿದೀಪ, ಕಸ, ಊಟ, ಎಲ್ಲಕ್ಕೂ ಒಂದೊಂದು ಗುರಿ. ತಿಂಗಳ ಕೊನೆಗೆ ಹೆಸರಿನ ಮುಂದೆ ಚುಕ್ಕೆ ಅಂಟಿಸುತ್ತಿದ್ದರು. ಗುರಿ ಮುಟ್ಟಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಸಾಲಾಗಿ ಮೂರು ಕೆಂಪು ಬಿದ್ದರೆ ಕೆಲಸ ಬೇರೆಯವರಿಗೆ. ಹನ್ನೆರಡಕ್ಕೆ ಹೊರಟು ಒಂದೂವರೆಯೊಳಗೆ ಹದಿನೆಂಟೂ ಮನೆ ಮುಗಿಸಬೇಕು ಅನ್ನುವುದು ನನ್ನ ಗುರಿ. ನನಗೆ ಎರಡು ಕೆಂಪು ಬಿದ್ದಾಗಿತ್ತು.

"ಏಳನೇ ಮನೇಲಿ ದಿನಾ ಏನ್ರೀ ಮಾಡ್ತೀರಾ? ಹರಟೇನಾ?" ಎಂದರು ಮೇಲ್ವಿಚಾರಕರು.

"ಅವರಿಗೆ ಮಂಡಿನೋವು ಸಾರ್. ಬಾಗಿಲಿಗೆ ಬರೋಷ್ಟರಲ್ಲಿ ಹೊತ್ತಾಗುತ್ತೆ."

"ಎರಡು ಸಲ ತಟ್ಟಿ. ತೆಗೀಲಿಲ್ವಾ, 'ಮನೆಯಲ್ಲಿಲ್ಲ' ಅಂತ ಬರೆದು ಮುಂದಕ್ಕೆ ಹೋಗಿ. ಅದೂ ಗುರಿ ಮುಟ್ಟಿದ ಹಾಗೇನೇ. ನಿಮ್ಮ ಹೊಟ್ಟೆ ಮೇಲೆ ಏಟು ಬೀಳದಿರಲಿ ಅಂತ ಹೇಳ್ತಿದೀನಿ."

ಏಳನೇ ಮನೆ ಹೊಲಿಗೆ ಅಕ್ಕನದು. ಕಣ್ಣು ಮಂಜಾಗುವವರೆಗೂ ಊರವರ ಬಟ್ಟೆ ಹೊಲಿದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮಹಡಿಯ ಮೇಲೆ ಒಂದೇ ಕೋಣೆ. ಮಂಚದಿಂದ ಬಾಗಿಲಿಗೆ ಹತ್ತು ಹೆಜ್ಜೆ, ಅಕ್ಕನಿಗೆ ಅದೇ ಹತ್ತು ನಿಮಿಷದ ದಾರಿ. ಹೊರಗೆ ನಿಂತವನಿಗೆ ಬೇಸರವಾಗಬಾರದೆಂದು ದಾರಿಯುದ್ದಕ್ಕೂ ಮಾತಾಡುತ್ತಲೇ ಬರುತ್ತಿದ್ದರು. "ಬಂದೆ ತಮ್ಮಾ, ಬಂದೆ. ಮದುವೆ ಹೆಣ್ಣೂ ಇಷ್ಟು ನಾಚ್ಕೊಂಡು ಬರಲ್ಲ, ನೋಡು!"

"ಚಿಲಕ ತೆಗೆದಿಟ್ಟು ಕೂತ್ಕೊಳ್ಳಿ ಅಕ್ಕಾ" ಎಂದರೆ, "ಬಾಗಿಲು ತೆರೆದಿಡೋಕೆ ಇದೇನು ಬಸ್ ಸ್ಟ್ಯಾಂಡಾ?" ಎನ್ನುತ್ತಿದ್ದರು.

ಅವತ್ತು ನಾನು ಬಾಯಿ ಮುಚ್ಚಿಕೊಂಡು ಡಬ್ಬಿ ಕೊಟ್ಟು ಬರಬೇಕಿತ್ತು. ತಮಾಷೆಗೆ ಅಂದುಬಿಟ್ಟೆ. "ನಿಮ್ಮ ಮಂಡಿಯಿಂದ ನನಗೆ ಎರಡು ಕೆಂಪು ಬಿದ್ದಿದೆ ಅಕ್ಕಾ. ಇನ್ನೊಂದು ಬಿದ್ರೆ ನಾನೂ ನಿಮ್ಮ ಜೊತೆ ಡಬ್ಬಿಗೆ ಕಾಯ್ತಾ ಕೂರಬೇಕು."

"ಅಯ್ಯೋ, ನನ್ನ ಮಂಡಿಗೆ ಇಷ್ಟು ಅಧಿಕಾರ ಇದೆ ಅಂತ ಗೊತ್ತೇ ಇರ್ಲಿಲ್ಲ!" ಎಂದು ನಕ್ಕರು.

ಮರುದಿನ ಒಂದೇ ತಟ್ಟಿಗೆ ಬಾಗಿಲು ತೆರೆಯಿತು. ಅದರ ಮರುದಿನವೂ. ಮಂಡಿಗೆ ಯಾವುದೋ ಎಣ್ಣೆ ಹಿಡಿಸಿರಬೇಕು ಅಂದುಕೊಂಡೆ. ಹತ್ತು ದಿನವಾದ ಮೇಲೆ ಕೆಳಗಿನ ಮನೆಯಾಕೆ ನನ್ನನ್ನು ಮೆಟ್ಟಿಲಲ್ಲೇ ತಡೆದರು. "ಅವರು ಹನ್ನೊಂದು ಗಂಟೆಯಿಂದ ಬಾಗಿಲಿಗೆ ಒರಗಿ ನಿಂತಿರ್ತಾರೆ ಕಣ್ರೀ. ಕೂತ್ರೆ ಏಳೋಕಾಗಲ್ವಂತೆ. ಬೇಡ ಅಂತ ನೀವಾದ್ರೂ ಹೇಳಿ."

ಹೇಳಿದೆ. "ನಾನು ಕಾಯ್ತೀನಿ ಅಕ್ಕಾ, ನೀವು ಕೂತಿರಿ."

"ಕಾಯೋದಕ್ಕೆ ನಿಂಗೆ ಯಾರಪ್ಪ ಸಂಬಳ ಕೊಡ್ತಾರೆ? ನಂಗೇನು, ನಿಲ್ಲೋದು ಬಿಟ್ಟು ಬೇರೆ ಕೆಲಸ ಇದ್ಯಾ? ಹೋಗು, ಹೋಗು."

ನಾನು ಎರಡನೇ ಮಾತು ಆಡಲಿಲ್ಲ. ಆ ತಿಂಗಳು ಹಸಿರು ಬಿತ್ತು. ಕಚೇರಿಯಲ್ಲಿ ಚಪ್ಪಾಳೆ ತಟ್ಟಿದರು. ಸುಳ್ಳೇಕೆ ಹೇಳಲಿ, ಹಿಗ್ಗಿದೆ.

ಮುಂದಿನ ತಿಂಗಳ ಒಂದು ಮಂಗಳವಾರ ಬಾಗಿಲು ತಟ್ಟಿದೆ. ಸದ್ದಿಲ್ಲ. ಇನ್ನೊಮ್ಮೆ ತಟ್ಟಿದೆ. ಒಂದೇ ತಟ್ಟಿಗೆ ತೆಗೆಯುವವರು ತೆಗೆಯಲಿಲ್ಲವೆಂದರೆ ಡಾಕ್ಟರ ಹತ್ತಿರ ಹೋಗಿರಬೇಕು ಅಂದುಕೊಂಡೆ. ಹತ್ತು ಹೆಜ್ಜೆ ನಡೆಯಲಾಗದವರು ಮೆಟ್ಟಿಲಿಳಿದು ಎಲ್ಲಿಗೆ ಹೋದಾರು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ನಿಂತು ಕಾಯುವ ಅಭ್ಯಾಸ ತಪ್ಪಿಹೋಗಿತ್ತು. 'ಮನೆಯಲ್ಲಿಲ್ಲ' ಎಂದು ಬರೆದೆ. ಎಂಟನೇ ಮನೆಗೆ ಹೋದೆ.

ಸಂಜೆ ಕೆಳಗಿನ ಮನೆಯಾಕೆ ದೀಪ ಕಾಣಲಿಲ್ಲವೆಂದು ಮೇಲೆ ಹೋದರಂತೆ. ಚಿಲಕ ಮುರಿದರೂ ಬಾಗಿಲು ಒಳಕ್ಕೆ ಸರಿಯಲಿಲ್ಲ. ಅಕ್ಕ ಅದಕ್ಕೆ ಅಡ್ಡವಾಗಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಬಿಳಿ ಹೊದಿಕೆಯೊಳಗೆ ಅಕ್ಕ ಕೂಸಿನಷ್ಟಾಗಿದ್ದರು. ದಾರಿಯಲ್ಲಿ ಏನೇನೋ ನೆಪ ಹೊಂದಿಸಿಕೊಂಡಿದ್ದೆ, ಮುಖ ಕಂಡಮೇಲೆ ಅವನ್ನೆಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದೆ.

"ನಾನು ಬಂದಿದ್ದೆ ಅಕ್ಕಾ. ಎರಡು ಸಲ ತಟ್ಟಿ ಹೊರಟುಹೋದೆ."

"ಕೇಳಿಸ್ತು ತಮ್ಮಾ" ಎಂದರು. "ಬಾಗಿಲ ಬುಡದಲ್ಲೇ ಇದ್ನಲ್ಲ. ಕೂಗಿದೆ, ಸ್ವರಾನೇ ಹೊರಡ್ಲಿಲ್ಲ. ಆಮೇಲೆ ಸ್ಕೂಟರು ಹೋಗಿದ್ದೂ ಕೇಳಿಸ್ತು."

ಅವರೇ ಕೈ ಚಾಚಿ ನನ್ನ ಅಂಗಿಯ ತೋಳು ಹಿಡಿದುಕೊಂಡರು.

"ಹೋಗ್ಲಿ ಬಿಡು. ಇನ್ನೂ ಹನ್ನೊಂದು ಜನ ಹಸ್ಕೊಂಡಿದ್ರಲ್ಲ." ತೋಳು ಬಿಟ್ಟು ಕೇಳಿದರು, "ಗಂಟೆ ಎಷ್ಟು?"

"ಹನ್ನೊಂದೂವರೆ."

"ಮತ್ತೆ ಇಲ್ಲೇನು ಕೂತಿದೀಯಾ? ಏಳು."

ಎದ್ದೆ. ಏಳದೆ ಏನು ಮಾಡಲಿ, ಹದಿನೇಳು ಮನೆಗಳಲ್ಲಿ ಜನ ಡಬ್ಬಿಗೆ ಕಾಯುತ್ತಿದ್ದರು. ಭಾನುವಾರ ಬಿಡುವು, ಇಡೀ ದಿನ ಪಕ್ಕದಲ್ಲಿ ಕೂತಿರೋಣವೆಂದು ಹೋದೆ. ಅಕ್ಕ ಹಿಂದಿನ ರಾತ್ರಿಯೇ ತೀರಿಕೊಂಡಿದ್ದರು, ಆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು.