ಐದನೇ ವೈರು

ಆಂಬುಲೆನ್ಸು ಮೂರನೇ ಸಲ ನಮ್ಮ ಗ್ಯಾರೇಜಿಗೆ ಬಂದಿತ್ತು. ಅದೇ ಕಾಯಿಲೆ. ಏರು ಬಂದರೆ ಸಾಕು, ಎಂಜಿನ್ ಮಿಸ್ ಹೊಡೆದು ಗಾಡಿ ಮುಗ್ಗರಿಸುತ್ತಿತ್ತು. ಎರಡು ಸಲವೂ ನನ್ನ ಗಂಡ ಪ್ಲಗ್ ಬದಲಿಸಿ ಕಳಿಸಿದ್ದರು, ಎರಡು ಸಲವೂ ನಾಲ್ಕು ದಿನ ನೆಟ್ಟಗೆ ಓಡಿ ಮತ್ತೆ ಹಳೇ ಚಾಳಿ ಶುರು ಮಾಡಿತ್ತು. ಅವತ್ತು ಬೆಳಿಗ್ಗೆಯಂತೂ ಒಬ್ಬ ಬಸುರಿಯನ್ನು ಒಳಗೆ ಮಲಗಿಸಿಕೊಂಡೇ ಸೇತುವೆಯ ಏರಿನಲ್ಲಿ ನಿಂತುಬಿಟ್ಟಿತಂತೆ. ದಾರಿಹೋಕರು ತಳ್ಳಿ ಹತ್ತಿಸಿದರಂತೆ.

ಅದರ ಡ್ರೈವರನನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಾರೆ. ಗಾಡಿ ಓಡಿಸುವುದು ಬಾಣದ ಹಾಗೆ, ಮಾತು ಮಾತ್ರ ಆಮೆಯ ಹಾಗೆ. ಅವತ್ತು ಆ ಆಮೆಯೂ ಓಡುತ್ತಿತ್ತು.

"ಮೇಸ್ತ್ರಿ, ಮಧ್ಯಾಹ್ನ ಒಂದು ಮಗೂನ ದೊಡ್ಡಾಸ್ಪತ್ರೆಗೆ ಸಾಗಿಸ್ಬೇಕು. ಇನ್ನೊಂದು ಗಾಡಿ ದೂರ ಹೋಗಿದೆ, ಇದೇ ಗತಿ. ಈ ಸಲವೂ ಕೈಕೊಟ್ರೆ ನಿಮ್ಮ ಹತ್ರ ಇನ್ನು ಬರೋದೇ ಬೇಡ ಅಂದಿದ್ದಾರೆ ಡಾಕ್ಟ್ರು."

ನನ್ನ ಗಂಡ ಬಾನೆಟ್ ಎತ್ತಿದರು. ನಾನು ಬಾಗಿಲ ಬಳಿಯ ಬಿಡಿಭಾಗಗಳ ಕೌಂಟರಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ನನ್ನದು ಹುಟ್ಟಿದಾಗಿನಿಂದ ಗಂಟಿಕ್ಕಿದ ಮುಖ. ಬಂದವರು ಚೌಕಾಸಿಗೆ ಹೆದರಲಿ ಎಂದೇ ನನ್ನನ್ನು ಅಲ್ಲಿ ಕೂರಿಸಿದ್ದಾರೆ.

ಒಂದು ಕಾಲದಲ್ಲಿ ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ, ತುತ್ತು ಕೈಯಲ್ಲಿ ಹಿಡಿದುಕೊಂಡೇ ಅದರ ಕಾಯಿಲೆ ಹೇಳುತ್ತಿದ್ದ ಮನುಷ್ಯ ಇವರು. ಆದರೆ ಎರಡು ವರ್ಷದಿಂದ ನಾನು ಕರೆದರೆ ಓಗೊಡುವುದೇ ಇಲ್ಲ. ಜಾಣಗಿವುಡು ಎಂದು ಬೈದಿದ್ದೇ ಬೈದಿದ್ದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಸಂಸಾರ ಹಳತಾದ ಮೇಲೆ ಗಂಡಸರಿಗೆ ಹೆಂಡತಿಯ ಧ್ವನಿಯೊಂದು ಬಿಟ್ಟು ಮಿಕ್ಕೆಲ್ಲ ಕೇಳಿಸುತ್ತದೆ ಎಂದುಕೊಂಡಿದ್ದೆ.

ಅದು ಆರು ಸಿಲಿಂಡರಿನ ಹಳೇ ಪೆಟ್ರೋಲ್ ಎಂಜಿನ್. ಯಾವ ಸಿಲಿಂಡರು ಸತ್ತಿದೆ ಎಂದು ಹುಡುಕಲು, ಎಂಜಿನ್ ಓಡುತ್ತಿರುವಾಗಲೇ ಕಿಡಿ ಒಯ್ಯುವ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಬೇಕು. ಜೀವವಿರುವುದನ್ನು ಕಿತ್ತರೆ ಎಂಜಿನ್ನಿನ ದನಿ ಕುಸಿಯುತ್ತದೆ. ಸತ್ತದ್ದನ್ನು ಕಿತ್ತರೆ ಏನೂ ಬದಲಾಗುವುದಿಲ್ಲ, ಸತ್ತವನನ್ನು ಇನ್ನೊಮ್ಮೆ ಕೊಲ್ಲಲಾಗುತ್ತದೆಯೇ? ನಡುಕ ನೋಡಿ ತಿಳಿಯೋಣವೆಂದರೆ ಆ ಮುದಿ ಎಂಜಿನ್ ಯಾವಾಗಲೂ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಎಲ್ಲ ಕಿವಿಯ ಕೆಲಸ. ಮೊದಲೆಲ್ಲ ಇವರು ಕಣ್ಣು ಮುಚ್ಚಿಕೊಂಡು ಈ ಕೆಲಸ ಮಾಡುತ್ತಿದ್ದರು.

ಅವತ್ತು ಕಣ್ಣು ತೆರೆದೇ ಇತ್ತು. ಅದೂ ಎಂಜಿನ್ನಿನ ಮೇಲಲ್ಲ, ನಿಧಾನಪ್ಪನ ಮುಖದ ಮೇಲೆ.

ಒಂದನೇ ವೈರು ಕಿತ್ತರು. ದನಿ ಕುಸಿಯಿತು, ನಿಧಾನಪ್ಪ ಹುಬ್ಬು ಗಂಟಿಕ್ಕಿದ. ಇವರು ಇದಲ್ಲ ಎಂಬಂತೆ ತಲೆಯಾಡಿಸಿ ವೈರನ್ನು ಸಿಕ್ಕಿಸಿದರು. ಎರಡನೆಯದು ಕಿತ್ತಾಗಲೂ ದನಿ ಚೆನ್ನಾಗಿಯೇ ಕುಸಿಯಿತು. ಆದರೆ ಆ ಹೊತ್ತಿಗೆ ನಿಧಾನಪ್ಪನಿಗೆ ಫೋನು ಬಂದಿತ್ತು. ಅವನು ಅದನ್ನೇ ನೋಡುತ್ತಿದ್ದ, ಮುಖ ಅಲ್ಲಾಡಲಿಲ್ಲ.

"ಇದೇ. ಎರಡನೇದೇ ಸತ್ತಿರೋದು," ಅಂದರು ಇವರು.

ಸ್ಟೂಲಿನಿಂದ ಇಳಿದು ಅವರ ಬೆನ್ನ ಹಿಂದೆ ಹೋಗಿ ನಿಂತೆ. ಉಳಿದವನ್ನೂ ನೋಡಿಬಿಡೋಣವೆಂದು ಅವರು ಮುಂದುವರಿದರು. ಮೂರು, ನಾಲ್ಕು ಮುಗಿದು, ಐದನೇ ವೈರು ಅವರ ಕೈಗೆ ಬಂತು. ಕಿತ್ತರು. ಎಂಜಿನ್ನಿನ ದನಿ ಒಂದಿಷ್ಟೂ ಬದಲಾಗಲಿಲ್ಲ. ಆಗ ನಾನು, ಅಡುಗೆಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ, ಅವರ ಕಿವಿ ಪರೀಕ್ಷಿಸಲೆಂದು ಸುಳ್ಳೇ, "ರೀ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ," ಅಂದೆ.

ನಿಧಾನಪ್ಪ ಹೌಹಾರಿ ಎರಡು ಹೆಜ್ಜೆ ಹಿಂದೆ ಹಾರಿದ.

ಇವರು ಅವನ ಮುಖ ನೋಡಿ ಸಮಾಧಾನವಾಗಿ, "ನೋಡು, ಐದನೇದು ಚೆನ್ನಾಗಿ ಉರೀತಿದೆ," ಎಂದು ವೈರು ಸಿಕ್ಕಿಸಿದರು.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಎರಡು ವರ್ಷ! ಒಂದೇ ಮನೆಯಲ್ಲಿ, ಒಂದೇ ಹೊದಿಕೆಯಡಿ ಮಲಗುವ ಹೆಂಡತಿಯಿಂದ ಮುಚ್ಚಿಟ್ಟು, ಗಿರಾಕಿಗಳ ಮುಖ ಓದಿಕೊಂಡು ಹೊಟ್ಟೆಪಾಡು ನಡೆಸಿದ್ದಾರೆ ಈ ಮಹಾನುಭಾವರು.

ಅಷ್ಟರಲ್ಲಿ ಅವರು ಎರಡನೆಯದಕ್ಕೆ ಹೊಸ ಪ್ಲಗ್ ಹಾಕಿ ಬಾನೆಟ್ ಮುಚ್ಚಿದರು. "ಆಯ್ತು, ತಗೊಂಡು ಹೋಗು."

ನಿಧಾನಪ್ಪನ ಫೋನು ಮತ್ತೆ ಹೊಡೆದುಕೊಂಡಿತು. "ಬಂದೆ, ಬಂದೆ, ಮಗೂನ ರೆಡಿ ಮಾಡಿ," ಎನ್ನುತ್ತ ಅವನು ಸೀಟಿಗೆ ಹತ್ತಿದ.

ಸುಮ್ಮನಿದ್ದರೆ ಗಂಡನ ಮಾನ ಉಳಿಯುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಸೇತುವೆಯ ಏರೇ ಬಂತು. ಕಿಟಕಿಯಿಂದ ಕೈ ಹಾಕಿ ಕೀ ಕಿತ್ತುಕೊಂಡೆ.

"ಅಕ್ಕಾ, ಇದೇನು ಮಾಡ್ತಿದ್ದೀರಿ!"

ನಾನು ಗಂಡನ ಎದುರಿಗೆ ಹೋಗಿ, ತುಟಿ ಕಾಣುವ ಹಾಗೆ ನಿಂತು ಹೇಳಿದೆ. "ಎರಡನೇದಲ್ಲ. ಐದನೇದು."

"ನೀನು ಕೌಂಟರ್ ನೋಡ್ಕೋ ಹೋಗು. ಎಂಜಿನ್ ವಿಷಯ ನನಗೆ ಹೇಳ್ಕೊಡ್ಬೇಡ."

"ನಿಮಗೆ ಕೇಳಿಸ್ತಾ ಇಲ್ಲ ಕಣ್ರೀ."

ನಿಧಾನಪ್ಪ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದ. ನನ್ನ ಗಂಡನ ಮುಖದ ಬಣ್ಣವೇ ಇಳಿದುಹೋಯಿತು. ಕೈಯಲ್ಲಿದ್ದ ಸ್ಪ್ಯಾನರ್ ಎಸೆದು ಹೊರಟುಬಿಡುತ್ತಾರೆ ಎಂದುಕೊಂಡೆ. ಹೊರಟಿದ್ದರೆ ಮತ್ತೆ ಈ ಗ್ಯಾರೇಜಿಗೆ ಕಾಲಿಡುತ್ತಿರಲಿಲ್ಲ, ಅವರ ಹಠ ನನಗೆ ಗೊತ್ತು.

ಅವರು ಸ್ಪ್ಯಾನರನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು. "ಐದನೇದಾ? ಖಂಡಿತಾನಾ?"

"ನನ್ನ ಕಿವಿ ಇನ್ನೂ ನೆಟ್ಟಗಿದೆ."

"ಆ ಪ್ಲಗ್ ಹೊಸದು. ಹೋದ ಸಲವೇ ಆರನ್ನೂ ಬದಲಾಯಿಸಿದ್ದೆ," ಎನ್ನುತ್ತ ಅವರು ಎಂಜಿನ್ನನ್ನೇ ದಿಟ್ಟಿಸಿದರು. ಗಾಡಿ ಬಂದಾಗಿನಿಂದ ಅವರು ಅದನ್ನು ನಿಜವಾಗಿ ನೋಡಿದ್ದು ಆಗಲೇ. ಒಮ್ಮೆಲೇ ಕೈ ಎತ್ತಿದರು. "ಶಟರ್ ಎಳಿ. ಕಿಟಕಿ ಮುಚ್ಚು. ನಿಧಾನಪ್ಪ, ಸ್ಟಾರ್ಟ್ ಮಾಡು, ಹೊಗೆ ತುಂಬೋದರೊಳಗೆ ನೋಡಿಬಿಡ್ಬೇಕು."

ನಟ್ಟ ನಡು ಹಗಲಲ್ಲಿ ಗ್ಯಾರೇಜು ಕತ್ತಲಾಯಿತು. ನಾನು ಕೀ ಕೊಟ್ಟೆ, ನಿಧಾನಪ್ಪ ಎಂಜಿನ್ನನ್ನು ಗುರುಗುಟ್ಟಿಸಿದ. ಪೆಟ್ರೋಲು ಹೊಗೆಗೆ ಗಂಟಲು ಕಟ್ಟುತ್ತಿತ್ತು. ನಾವಿಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದ್ದೆವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಹಿಂಭಾಗದಲ್ಲಿ, ವೈರುಗಳನ್ನು ಹಿಡಿದಿಡುವ ತಗಡಿನ ಕ್ಲಿಪ್ಪಿನಡಿ, ನೀಲಿ ಕಿಡಿಯೊಂದು ಚಿಟಿಚಿಟಿ ಹಾರಿತು.

"ಸಿಕ್ಕಿದ ಕಳ್ಳ!" ಅವರು ಕೂಗಿದ ರಭಸಕ್ಕೆ ನಾನೇ ಬೆಚ್ಚಿದೆ.

ಶಟರ್ ಎತ್ತಿ ನೋಡಿದರೆ, ಐದನೇ ವೈರಿನ ತಳಭಾಗ ಕ್ಲಿಪ್ಪಿಗೆ ಉಜ್ಜಿ ಉಜ್ಜಿ ಸವೆದುಹೋಗಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ತಗಡಿಗೆ ಹಾರುತ್ತಿತ್ತು. ಕಿತ್ತು ಸಿಕ್ಕಿಸಿದಾಗಲೆಲ್ಲ ವೈರು ಕೊಂಚ ಸರಿದು ನಾಲ್ಕು ದಿನ ಸುಮ್ಮನಿರುತ್ತಿತ್ತು, ಎಂಜಿನ್ನಿನ ನಡುಕಕ್ಕೆ ಮತ್ತೆ ಹಳೇ ಜಾಗಕ್ಕೇ ಬರುತ್ತಿತ್ತು. ಕಿವಿ ನನ್ನದಾದರೂ ಕಣ್ಣು ಅವರದು. ಕತ್ತಲು ಮಾಡಿ ನೋಡುವ ಉಪಾಯ ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ನಾನು ಕೌಂಟರಿನಿಂದ ಹೊಸ ವೈರು ತಂದುಕೊಟ್ಟೆ. ಅವರು ಅದನ್ನು ಹಾಕಿ, ಕ್ಲಿಪ್ಪಿನಿಂದ ದೂರ ಕಟ್ಟಿ, ಎಂಜಿನ್ ಸ್ಟಾರ್ಟ್ ಮಾಡಿಸಿದರು. ಆಮೇಲೆ ನಿಧಾನಪ್ಪನ ಎದುರಿಗೇ ನನ್ನ ಕಡೆ ತಿರುಗಿ, "ಹೇಗಿದೆ, ನೀನೇ ಹೇಳು," ಅಂದರು.

"ಆರೂ ಉರೀತಿವೆ."

ನಿಧಾನಪ್ಪ ಗಾಡಿ ಹೊರಗೆ ತೆಗೆದ.

ಆಸ್ಪತ್ರೆ ಹಿಂದಿನ ಬೀದಿಯಲ್ಲೇ ಇದೆ, ಸೇತುವೆ ಅದರಾಚೆ. ಸ್ವಲ್ಪ ಹೊತ್ತಿಗೆ ಸೈರನ್ ಕೂಗು ಎದ್ದಿತು. ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

"ಸೈರನ್ ಹಾಕಿದ್ನಾ?" ಕೇಳಿದರು.

ಬೀದಿಯ ನಾಯಿಗಳೆಲ್ಲ ಅದಕ್ಕೆ ದನಿಗೂಡಿಸಿ ಊಳಿಡುತ್ತಿದ್ದವು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಕಿವಿಗೊಟ್ಟು ನಿಂತೆ, ಸೈರನ್ನಿನಡಿಯ ಎಂಜಿನ್ನಿಗಾಗಿ. ಅದು ಏರು ಹಿಡಿಯಿತು. ಗೇರು ಬಿತ್ತು. ಬೆಳಿಗ್ಗೆ ನಿಂತಿದ್ದ ಜಾಗ ಬಂತು.

ಪಕ್ಕಕ್ಕೆ ನೋಡಿದರೆ ಇವರು ಬೀದಿಯನ್ನು ನೋಡುತ್ತಲೇ ಇರಲಿಲ್ಲ. ಆಗ ನಿಧಾನಪ್ಪನ ಮುಖ ನೋಡುತ್ತಿದ್ದ ಹಾಗೆಯೇ ನನ್ನ ಮುಖ ನೋಡುತ್ತಿದ್ದರು, ರೆಪ್ಪೆ ಹೊಡೆಯದೆ.

ಎಂಜಿನ್ ಒಮ್ಮೆಯೂ ತಡವರಿಸಲಿಲ್ಲ. ಒಂದೇ ದನಿಯಲ್ಲಿ ಏರು ಹತ್ತಿ, ಆಚೆ ಇಳಿದು ಸಣ್ಣದಾಯಿತು.

ಈ ಗಂಟುಮುಖ ಇಟ್ಟುಕೊಂಡು ಅವರಿಗೆ ಹೇಗೆ ತಿಳಿಸುವುದು? ಬಲವಂತವಾಗಿ ಹುಬ್ಬು ಸಡಿಲಿಸಿ, ಹಲ್ಲು ಕಾಣುವ ಹಾಗೆ ನಕ್ಕೆ. ಅವರು ನನ್ನ ತೋಳು ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಆಮೇಲೆ ಒಳಗೆ ಹೋಗಿ ನನ್ನ ಸ್ಟೂಲನ್ನು ಕೌಂಟರಿನಿಂದ ತಂದು, ತಮ್ಮ ಬೆಂಚಿನ ಪಕ್ಕದಲ್ಲಿ ಹಾಕಿದರು.