ಸೂಟಿ ಮೇಲಿನ ಹುಲ್ಲು

"ಚೆಂಡು ಬೀಳೂ ಒಂದೊಂದು ಕುಣಿಗೂ ಎರಡೆರಡು ಹುಲ್ಲಿನ ಮಡಿ ರೀ ವೈನಿ. ಒಂದ್ರಾಗ ಆಡತಾರ, ಇನ್ನೊಂದನ್ನ ಮುಟ್ಟೂದಿಲ್ಲ. ಬ್ಯಾಸಿಗಿ ಹುಲ್ಲ ಬ್ಯಾರೆ, ಥಂಡಿ ಹುಲ್ಲ ಬ್ಯಾರೆ."

ವಿರೂಪಾಕ್ಷ ಜಪಾನಿನಿಂದ ಬಂದು ತಿಂಗಳಾಗಿದ್ದರೂ ಅವನ ಬಾಯಿಂದ ಜಪಾನು ಇಳಿದಿರಲಿಲ್ಲ. ಎಂ.ಕೆ. ಹುಬ್ಬಳ್ಳಿ ಸುತ್ತಿನಲ್ಲಿ ಎಕರೆಗೆ ಹೆಚ್ಚು ಕಬ್ಬು ಬೆಳೆದವನೆಂದು ಆ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಸಕ್ಕರೆ ಕಾರ್ಖಾನೆಯವರು ಅವನನ್ನು ರೈತರ ತಂಡದ ಜೊತೆ ಕಳಿಸಿದ್ದರು. ಅಲ್ಲಿಯ ಸಾಹುಕಾರನೊಬ್ಬ ಕಂಟ್ರಿ ಕ್ಲಬ್ಬಿನ ಗಾಲ್ಫ್ ಮೈದಾನ ತೋರಿಸಿದ್ದನಂತೆ. ಗುಡ್ಡ ಕಡಿದು ಮಾಡಿದ ಮೈದಾನ, ಸುತ್ತ ಪೈನ್ ಮರ, ನಡುವೆ ಕೆರೆ. ಅರ್ಧ ಆಟಕ್ಕೆ ನಿಲ್ಲಿಸಿ ಊಟ, ಆಟ ಮುಗಿದ ಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಸ್ನಾನ. ಕಬ್ಬಿನಲ್ಲಿ ಎರಡನೆಯವನಾದ ನಿಜಗುಣಪ್ಪ, ಅವನ ದೊಡ್ಡಪ್ಪನ ಮಗ, ತನ್ನ ಮನೆಯ ಪಡಸಾಲೆಯ ಮೂಲೆಯಲ್ಲಿ ಅಡಕೆ ಕತ್ತರಿಸುತ್ತ ಕೇಳುತ್ತಿದ್ದ.

"ಅಯ್ಯ, ಸಾಲಿ ಹುಡುಗರಂಗ ಹುಲ್ಲಿಗೂ ಸೂಟಿ ಕೊಡತಾರೇನೋ!" ಎಂದು ಅತ್ತಿಗೆ ಯಲ್ಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಹೆಂಡತಿ ಹೀಗೆ ನಕ್ಕಿದ್ದನ್ನು ನಿಜಗುಣಪ್ಪ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಕಬ್ಬಿನಲ್ಲಿ ಸೋತದ್ದನ್ನು ಹೇಗೋ ನುಂಗಿಕೊಂಡಿದ್ದ. ಈ ನಗುವನ್ನು ನುಂಗಲು ಆಗಲಿಲ್ಲ.

ಮರುದಿನವೇ ಹಿತ್ತಲಲ್ಲಿ ಎರಡು ದುಂಡನೆಯ ಮಡಿ ಕಟ್ಟಿದ. ಹೊಳೆದಂಡೆಯ ಗರಿಕೆ ಹುಲ್ಲು ತಂದು ಹಚ್ಚಿದ, ಕೊಡದಲ್ಲಿ ನೀರು ಹೊತ್ತು ಹಾಕಿದ, ಕತ್ತರಿಯಿಂದ ಸಮ ಮಾಡಿದ. ಎಮ್ಮೆಕರು ಆ ಕಡೆ ಮೂತಿ ಹಾಕಿದರೆ ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ. ಹೊಲದ ಕಳೆ ತೆಗೆಸಲು ಮಾತ್ರ ಪುರಸೊತ್ತಿರಲಿಲ್ಲ. ಹುಲ್ಲು ದಟ್ಟವಾದ ದಿನ ಹೆಂಡತಿಯನ್ನು ಕರೆದ.

"ನೋಡು. ಇದಕ್ಕ ಜಪಾನಕ್ಕ ಹೋಗಬೇಕಿತ್ತೇನು?"

ಅವಳು ನಗಲಿಲ್ಲ. ಮುಸುರೆ ಕೈ ಒರೆಸಿಕೊಳ್ಳುತ್ತ, "ಇದರಾಗ ಸೂಟಿ ಮ್ಯಾಲಿದ್ದದ್ದು ಯಾವ್ದುರಿ?" ಎಂದಳು.

ಅವನು ಅದನ್ನು ಯೋಚಿಸಿರಲಿಲ್ಲ. ಬೇವಿನ ನೆರಳಿನಲ್ಲಿದ್ದದ್ದನ್ನು ತೋರಿಸಿದ. ಯಲ್ಲವ್ವ ಹೋಗಿ ಅದರ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಕೈಯನ್ನು ತಲೆದಿಂಬು ಮಾಡಿಕೊಂಡು ಮಲಗಿಯೇಬಿಟ್ಟಳು.

ಆಗಷ್ಟೇ ಬಂದು ಪಡಸಾಲೆಯಲ್ಲಿ ಕೂತ ವಿರೂಪಾಕ್ಷನ ದನಿ ಬಂತು. "ವೈನೀ, ಚಾ ಮಾಡ್ತೀರೇನ್ರಿ?"

ಯಲ್ಲವ್ವ ಏಳಲಿಲ್ಲ. ನಿಜಗುಣಪ್ಪನಿಗೆ ಗೆದ್ದಷ್ಟು ಖುಷಿಯಾಯಿತು.

"ನೀವಽ ಇಡ್ರಿ," ಅವಳು ಕಣ್ಣು ಮುಚ್ಚಿಕೊಂಡೇ ಗಂಡನಿಗೆ ಹೇಳಿದಳು. "ನನಗೂ ಒಂದೀಟು."

ಅಡುಗೆಮನೆಯಲ್ಲಿ ನಿಜಗುಣಪ್ಪ ಒಲೆಯ ಮೇಲೆ ನೀರಿಟ್ಟು, ಚಾಪುಡಿಗಾಗಿ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದ. ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಗುರೆಳ್ಳು ಪುಡಿ. ಹಿತ್ತಲಿಗೆ ಹೋಗಿ ಕೇಳಲು ಮನಸ್ಸೊಪ್ಪಲಿಲ್ಲ. ಸಪ್ಪಳ ಕೇಳಿ ವಿರೂಪಾಕ್ಷ ಕೂತಲ್ಲಿಂದಲೇ ಕೂಗಿದ.

"ಅಣ್ಣಾ, ಚಾಪುಡಿ ಮ್ಯಾಲಿನ ಹಲಗಿ ಮ್ಯಾಲ, ಹಿತ್ತಾಳಿ ಡಬ್ಬ್ಯಾಗ ಐತಿ. ಹೋದ ವರ್ಸ ವೈನಿಗೆ ಜ್ವರಾ ಬಂದಾಗ ನಾನಽ ಮಾಡಿ ಕೊಡತಿದ್ನಲ್ಲಾ."

ಡಬ್ಬಿ ಅಲ್ಲಿಯೇ ಇತ್ತು. ನಿಜಗುಣಪ್ಪ ಅದನ್ನು ಇಳಿಸಿ ಕೈಯಲ್ಲಿ ಹಿಡಿದುಕೊಂಡ. ಕಿಟಕಿಯಾಚೆ ಎಮ್ಮೆಕರು ಹಗ್ಗ ಬಿಚ್ಚಿಕೊಂಡು ಬಂದು ಬಿಸಿಲಿನ ಮಡಿಯ ಹುಲ್ಲು ಮೇಯುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದವನು ಬೇವಿನ ನೆರಳಿನಲ್ಲಿ ಮಲಗಿದ್ದವಳನ್ನು ನೋಡಿ, ಬಾಯಿ ಮುಚ್ಚಿ ಡಬ್ಬಿಯ ಮುಚ್ಚಳ ತೆಗೆದ. ಒಲೆಯ ಮೇಲೆ ನೀರು ಕುದಿಯತೊಡಗಿತ್ತು.