ಗುರುವಾರಕ್ಕೆ ತಳ್ಳಿದ ಶುಕ್ರವಾರ

ವಿಶ್ವವಿದ್ಯಾಲಯದ ಶನಿವಾರದ ಫುಟ್‌ಬಾಲ್ ಆಟವನ್ನು ಟೀವಿ ಕಂಪನಿ ಶುಕ್ರವಾರ ಸಂಜೆಗೆ ಎಳೆದುಕೊಂಡಿತು. ಹನ್ನೆರಡು ದಿನ ಮೊದಲು ತಿಳಿಸಿದರು. ನಮ್ಮ ಹೈಸ್ಕೂಲಿನ ಶುಕ್ರವಾರದ ಆಟ ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಹೋಯಿತು.

ಒಹಾಯೋದ ಈ ಮೂಲೆಯಲ್ಲಿ ಶುಕ್ರವಾರ ಸಂಜೆ ಹೈಸ್ಕೂಲಿನ ಹುಡುಗರದು, ಶನಿವಾರ ಯೂನಿವರ್ಸಿಟಿಯದು, ಭಾನುವಾರ ದೇವರದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೂ ಟೀವಿಯವರು ಓದುತ್ತಿರಲಿಲ್ಲ. ಜಿಲ್ಲೆಗೆ ಇರುವುದು ಎರಡೇ ಆಂಬುಲೆನ್ಸು. ಶುಕ್ರವಾರ ಎರಡೂ ಯೂನಿವರ್ಸಿಟಿಯ ದೊಡ್ಡ ಮೈದಾನಕ್ಕೆ ಬೇಕಂತೆ. ಆಂಬುಲೆನ್ಸ್ ಇಲ್ಲದೆ ನಮ್ಮ ಹುಡುಗರು ಅಂಗಳಕ್ಕೆ ಇಳಿಯುವಂತಿಲ್ಲ.

ಅದು ಊರಿನಲ್ಲಿ ಅವರಾಡುವ ಕೊನೆಯ ಆಟ. ಕೊನೆಯ ವರ್ಷದ ಹುಡುಗರು ಆಟಕ್ಕೆ ಮೊದಲು ತಾಯಿಯ ತೋಳು ಹಿಡಿದು ನಡು ಅಂಗಳದವರೆಗೆ ನಡೆಯುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ.

ಕೋಳಿ ಕಾರ್ಖಾನೆಯಲ್ಲಿ ನನ್ನ ಪಕ್ಕದ ಜಾಗ ರೋಂಡಾಳದು. ಇಬ್ಬರದೂ ರೆಕ್ಕೆ ಕತ್ತರಿಸುವ ಕೆಲಸ, ಮಧ್ಯಾಹ್ನ ಎರಡರ ಪಾಳಿ. ಹೀಗಾಗಿ ಈಗ ಕೊನೆಯ ವರ್ಷದಲ್ಲಿರುವ ಮಗ ಗ್ರೇಡಿ ಆಡಿದ ನಾಲ್ಕು ವರ್ಷದಲ್ಲಿ ಒಂದು ಆಟವನ್ನೂ ಅವಳು ಕಣ್ಣಾರೆ ಕಂಡಿಲ್ಲ. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಊರ ರೇಡಿಯೋದಲ್ಲಿ ಆಟ ಕೇಳುತ್ತಿದ್ದೆವು. ಚೆಂಡು ಹಿಡಿದು ಓಡುವವನಿಗಾಗಿ ಎದುರಿನವರನ್ನು ತಳ್ಳಿ ದಾರಿ ಬಿಡಿಸುವುದು ಗ್ರೇಡಿಯ ಕೆಲಸ.

“ಎಡಗಡೆ ದಾರಿ ಬಿಡ್ತು ಅಂದ್ನಲ್ಲ, ಕೇಳಿದ್ಯಾ ಇಲೀನ್? ಅದು ನಮ್ಮೋನೇ!” ಎಂದು ಯಂತ್ರದ ಗದ್ದಲದಲ್ಲಿ ಕೂಗುತ್ತಿದ್ದಳು.

“ಹೆಸರು ಹೇಳ್ಲಿಲ್ವಲ್ಲೇ.”

“ದಾರಿ ಬಿಡಿಸಿದೋನ ಹೆಸರು ಯಾರು ಹೇಳ್ತಾರೆ? ಚೆಂಡು ಹಿಡ್ಕೊಂಡು ಓಡಿದೋನ್ದು ಹೇಳ್ತಾರೆ.”

ಆ ಒಂದು ಶುಕ್ರವಾರದ ರಜೆಗಾಗಿ ಅವಳು ಸೆಪ್ಟೆಂಬರಿನ ನಾಲ್ಕು ಭಾನುವಾರವೂ ದುಡಿದಿದ್ದಳು. ದಿನ ಬದಲಾಯಿತೆಂದು ತಿಳಿದ ಕೂಡಲೇ ಮೇಲ್ವಿಚಾರಕ ಹಾಸ್ಕಿನ್ಸ್ ಮುಂದೆ ಹೋಗಿ ನಿಂತಳು.

“ಗುರುವಾರ ಆಗಲ್ಲಮ್ಮ. ನಿಂಗೆ ಬರೆದಿರೋದು ಶುಕ್ರವಾರ,” ಎಂದ. “ಶುಕ್ರವಾರ ಮನೇಲಿ ಕೂತು ಟೀವೀಲಿ ನೋಡು. ಅದೂ ಫುಟ್‌ಬಾಲೇ ಅಲ್ವಾ?”

“ಅದ್ರಲ್ಲಿ ನನ್ನ ಮಗ ಇರ್ತಾನಾ ಸಾಹೇಬ್ರೇ?”

ಗುರುವಾರ ಬಿಳಿ ಕೋಟಿನ ಕೆಳಗೆ ಅವಳು ನೀಲಿ ರೇಷ್ಮೆಯ ಅಂಗಿ ಹಾಕಿಕೊಂಡು ಬಂದಿದ್ದಳು. ಮೂರೂಮುಕ್ಕಾಲಿಗೆ ರೇಡಿಯೋ ಹೆಸರುಗಳನ್ನು ಕೂಗತೊಡಗಿತು. ಒಬ್ಬೊಬ್ಬನ ಹೆಸರಿಗೂ ಅವಳ ಚಾಕು ನಿಧಾನವಾಗುತ್ತಿತ್ತು. “ಈಗ ಹುಲ್ಲಿನ ವಾಸ್ನೆ ಬರ್ತಿರುತ್ತೆ ಅಲ್ಲಿ,” ಎಂದಳು. “ನಿನ್ನೆ ಕೊಯ್ಸಿದಾರಂತೆ.”

ಕಡೆಗೆ ಬಂತು: ಅರವತ್ತಮೂರನೇ ನಂಬರು, ಗ್ರೇಡಿ, ತಾಯಿಯ ಬದಲಿಗೆ ಪ್ರಿನ್ಸಿಪಾಲರ ಪತ್ನಿ.

ಚಪ್ಪಾಳೆ ಬಂತು, ನಿಂತಿತು. ರೇಡಿಯೋದವನ ಮಾತು ತಡವರಿಸಿತು. “ಹುಡುಗ... ಹುಡುಗ ಗೆರೆ ಹತ್ರಾನೇ ನಿಂತಿದಾನೆ. ಪ್ರಿನ್ಸಿಪಾಲರ ಹೆಂಡ್ತಿ ತೋಳು ಕೊಟ್ರೂ ಹಿಡೀತಿಲ್ಲ. ಕೋಚ್ ಏನೋ ಹೇಳ್ತಿದಾರೆ. ಊಹೂಂ. ಗೇಟ್ ಕಡೆ ನೋಡ್ತಿದಾನೆ.”

“ಗೇಟ್ ಕಡೆ ನೋಡ್ತಿದಾನಂತೆ ಕಣೇ,” ಎಂದಳು ರೋಂಡಾ. ಕೈಗವಸು ಬಿಚ್ಚಿದಳು. ಓಡುವ ಬೆಲ್ಟಿನ ಮೇಲೆ ಕೋಳಿಗಳು ರೆಕ್ಕೆ ಸಮೇತ ಅವಳೆದುರು ದಾಟಿಹೋದವು.

ಹಾಸ್ಕಿನ್ಸ್ ಓಡಿ ಬಂದ. “ಎಲ್ಲಿಗೆ?”

“ನನ್ನ ಮಗ ಕಾಯ್ತಿದಾನೆ.”

“ಬಾಗಿಲು ದಾಟಿದ್ರೆ ನಾಳೆ ಬರೋದು ಬೇಡ.”

“ನಾಳೆ ಹೆಂಗೂ ನಂಗೆ ರಜಾ ಸಾಹೇಬ್ರೇ. ನೀವೇ ಬರ್ಕೊಟ್ಟಿದೀರಿ.”

ಹೋದಳು. ಮೈದಾನಕ್ಕೆ ಕಾರಿನಲ್ಲಿ ಹತ್ತು ನಿಮಿಷ. ಅಷ್ಟು ಹೊತ್ತು ಅವನನ್ನು ನಿಲ್ಲಲು ಬಿಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು! ಇಯರ್‌ಫೋನನ್ನು ಅವಳು ಎಳೆದುಕೊಂಡೇ ಹೋಗಿದ್ದರಿಂದ ನನಗೀಗ ಯಂತ್ರದ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಆ ಹುಡುಗನ ಮುಖ ನೋಡಬೇಕೆಂದು ನನಗೂ ಅನಿಸಿತು.

ಹಾಸ್ಕಿನ್ಸ್ ನನ್ನ ಕಡೆ ತಿರುಗಿದ. “ಇಲೀನ್, ಅವಳ ಜಾಗಾನೂ ನೀನೇ ನೋಡ್ಕೋ. ಬೆಲ್ಟ್ ನಿಲ್ಬಾರ್ದು.”

ಇಪ್ಪತ್ತೆರಡು ವರ್ಷ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದೇನೆ. ಚಾಕುವನ್ನು ಸ್ಟೀಲಿನ ಹಲಗೆಯ ಮೇಲೆ ಇಟ್ಟೆ.

“ಇಲ್ಲ,” ಎಂದೆ. “ಅವಳದೂ ಮಾಡಲ್ಲ. ನಂದೂ ಮಾಡಲ್ಲ.”